ಅಣ್ಣ ತಮ್ಮಂದಿರೊಡನೆ ಕುಂಥಲಗಿರಿಗೆ

ಗಂಡು ಹುಡುಗರಿಬ್ಬರು ಇರುವ ಮನೆಯಲ್ಲಿ ಗಡಿಯಾರದ ಅವಶ್ಯಕತೆ ಇರುವುದಿಲ್ಲ. ಮುಂಜಾನೆ ಆರಕ್ಕೆ ಬಚ್ಚಲ ಬಾಗಿಲಿಗಾಗಿ ಜಗಳ, ಏಳಕ್ಕೆ ಬಸದಿಗೆ ಹೊರಟಾಗ ಅಕ್ಕಿಯ ಡಬ್ಬಿ ಯಾರು ಹಿಡಿಯಬೇಕೆಂದು ಜಗಳ, ಒಂಬತ್ತಕ್ಕೆ ಸಾಲಿಯ ಕಾಲುಚೀಲಕ್ಕಾಗಿ ಜಗಳ. ಸಂಜೆ ಸೂರ್ಯ ಮುಳುಗುವ ಮೊದಲು ಊಟಕ್ಕೆ ಬನ್ನಿರೆಂದು ಅವರ ತಾಯಿ ಕೂಗಿದರೆ ಇಬ್ಬರಲ್ಲಿ ಒಬ್ಬನಾದರೂ ಯಾರದೋ ಮಾಳಿಗೆಯ ಮೇಲೆ ಚೆಂಡು ಹುಡುಕುತ್ತಿರುತ್ತಾನೆ.

ನಮ್ಮದು ಅಕ್ಕಲಕೋಟೆಯಲ್ಲಿ ಕಿರಾಣಿ ಮತ್ತು ಕಾಳುಕಡಿಯ ದುಕಾನು. ನಮ್ಮ ತಂದೆ ಮತ್ತು ಕಾಕಾ ಕೂಡಿ ಹಾಕಿದ್ದು. ಈಗ ಹಿರಿಯ ಮಗ ಗಾದಿಯ ಮೇಲೆ ಕೂಡುತ್ತಾನೆ. ಅವನ ಮಕ್ಕಳೇ ಮೇಲೆ ಹೇಳಿದ ಮಹಾಶಯರು. ದೊಡ್ಡವನಿಗೆ ಹನ್ನೆರಡು, ಸಣ್ಣವನಿಗೆ ಎಂಟು. ಇಬ್ಬರೂ ಜಗಳವಾಡುವುದು ಕನ್ನಡದಲ್ಲಿ, ಲೆಕ್ಕ ಮಾಡುವುದು ಮರಾಠಿಯಲ್ಲಿ, ಕ್ರಿಕೆಟ್ ಆಡುವುದು ಇಂಗ್ಲಿಷೂ ಸೇರಿ ಮೂರು ಭಾಷೆಯಲ್ಲಿ. ಕಿರಿಯ ಮಗ ನೌಕರಿಯ ನಿಮಿತ್ತ ಪುಣೆಯಲ್ಲಿದ್ದಾನೆ. ಅವನಿಗೆ ಒಬ್ಬಳೇ ಮಗಳು, ಏಳು ವರ್ಷದವಳು.

ಕಳೆದ ದೀಪಾವಳಿಯ ರಜೆಯಲ್ಲಿ ಎಲ್ಲರೂ ಕೂಡಿ ಕುಂಥಲಗಿರಿಗೆ ಹೋಗೋಣವೆಂದು ನಮ್ಮ ಮನೆಯವರು ಹಟ ಹಿಡಿದರು. ಹಟಕ್ಕೆ ಕಾರಣವಿತ್ತು. ದೊಡ್ಡವನನ್ನು ಬರುವ ಜೂನ್ ತಿಂಗಳಿಂದ ದೂರದ ಊರಿನ ಒಂದು ವಸತಿ ಶಾಲೆಗೆ ಹಾಕಬೇಕೆಂಬ ಮಾತು ನಡೆದಿತ್ತು. ಹುಡುಗ ಗಣಿತದಲ್ಲಿ ಚುರುಕು. ಅವನಿಗೂ ಹೋಗುವ ಆಸೆ. ಅವನ ತಂದೆಗೆ ಒಪ್ಪಿಗೆ, ತಾಯಿಗೆ ಮನಸ್ಸಿಲ್ಲ. ಸಣ್ಣವನನ್ನಂತೂ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಈ ವಿಷಯ ತೆಗೆದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅಣ್ಣ ತಮ್ಮಂದಿರಿಬ್ಬರು ಮೋಕ್ಷಕ್ಕೆ ಹೋದ ಸ್ಥಳ, ಅಲ್ಲಿ ಹೋಗಿ ಬಂದ ಮೇಲೆ ಏನು ಬೇಕಾದ್ದು ನಿರ್ಣಯ ಮಾಡಿಕೊಳ್ಳಿ ಎಂಬುದು ಮನೆಯವರ ಅಭಿಪ್ರಾಯ.

ಒಂದು ಕ್ರೂಸರ್ ಗಾಡಿ ಮಾಡಿಕೊಂಡು ನಸುಕಿನಲ್ಲಿ ಐದಕ್ಕೆ ಹೊರಟೆವು. ಬುತ್ತಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಅವಲಕ್ಕಿ. ಸೋಸಿದ ನೀರಿನ ಎರಡು ಕ್ಯಾನು. ಇವುಗಳ ನಡುವೆ ಹುಡುಗರು ಯಾರಿಗೂ ತಿಳಿಯದಂತೆ ಬ್ಯಾಟನ್ನೂ ತುರುಕಿದ್ದರು. ಗಾಡಿ ಊರ ಅಗಸಿ ದಾಟುವ ಮೊದಲೇ ಹಿಂದಿನಿಂದ ಫಿರ್ಯಾದಿ ಬಂತು: “ಅಜ್ಜಾ, ಅಣ್ಣ ಕಿಡಕಿ ಬಾಜೂ ಕುಂತಾನ, ಏಳವಲ್ಲ!” ಕಿಡಕಿಯ ಜಾಗವನ್ನು ಊರಿನಿಂದ ಊರಿಗೆ ಪಾಳಿಯ ಮೇಲೆ ಹಂಚಿದೆವು. ಆ ಮೇಲೆ ಪ್ರತಿಯೊಂದು ಹಳ್ಳಿಯೂ ಊರೋ ಅಲ್ಲವೋ ಎಂಬುದು ವಾದವಾಯಿತು.

ಮೊದಲು ಸಿಕ್ಕದ್ದು ನಳದುರ್ಗ. ನಮ್ಮ ತಾಲೂಕಿಗೆ ಹರಿದು ಬರುವ ಬೋರಿ ನದಿಗೆ ಅಲ್ಲಿ ಕೋಟೆಯೊಳಗೇ ಒಡ್ಡು ಕಟ್ಟಿ, ಆ ಒಡ್ಡಿನ ಹೊಟ್ಟೆಯಲ್ಲಿ ಪಾಣಿ ಮಹಲ್ ಎಂಬ ಮಹಲು ಮಾಡಿದ್ದಾರೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ ಕೆಲಸ. ಮಳೆಗಾಲದಲ್ಲಿ ಒಡ್ಡು ತುಂಬಿದಾಗ ನರ, ಮಾದಿ ಎಂಬ ಎರಡು ಧಾರೆಗಳು ಅಕ್ಕಪಕ್ಕದಲ್ಲಿ ಧುಮುಕುತ್ತವೆ. ನಾವು ಹೋದಾಗ ನೀರು ಬೀಳುತ್ತಿರಲಿಲ್ಲ. ಸಣ್ಣವನು ಒಣ ಕಲ್ಲು ನೋಡಿ ಮುಖ ಸಣ್ಣದು ಮಾಡಿದ. ದೊಡ್ಡವನು, ನೀರು ಎಲ್ಲಿಂದ ಬಂದು ಎಲ್ಲಿ ಬೀಳುತ್ತದೆಂದು ಕೈ ಮಾಡಿ ತೋರಿಸಿ ಅವನಿಗೆ ತಿಳಿಸಿ ಹೇಳಿದ. ಐದು ನಿಮಿಷ ಜಗಳವಿರಲಿಲ್ಲ.

ಮುಂದೆ ತುಳಜಾಪುರ, ಘಾಟು ಹತ್ತಿ ಧಾರಾಶಿವ. ಮೊದಲು ಉಸ್ಮಾನಾಬಾದ ಎನ್ನುತ್ತಿದ್ದ ಊರಿಗೆ 2023ರಲ್ಲಿ ಅದರ ಹಳೆಯ ಹೆಸರು ಮರಳಿ ಬಂತು. ಊರ ಹತ್ತಿರ ಪ್ರಾಚೀನ ಗುಹೆಗಳಿವೆ. ಕನಕಾಮರ ಮುನಿಗಳು ಅಪಭ್ರಂಶ ಭಾಷೆಯಲ್ಲಿ ಬರೆದ ‘ಕರಕಂಡಚರಿಉ’ ಕಾವ್ಯದಲ್ಲಿ ಇವುಗಳ ವರ್ಣನೆ ಇದೆ. ಇದೇ ಜಿಲ್ಲೆಯಲ್ಲಿ ತೇರ್ ಎಂಬ ಹಳ್ಳಿ ಇದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅದು ತಗರವೆಂಬ ದೊಡ್ಡ ಪೇಟೆ. ಗ್ರೀಕ್ ಭಾಷೆಯ ‘ಪೆರಿಪ್ಲಸ್’ ಎಂಬ ಹಡಗು ವ್ಯಾಪಾರದ ಪುಸ್ತಕದಲ್ಲಿ, ತಗರದಿಂದ ಬಟ್ಟೆಯ ಗಂಟುಗಳು ಗಾಡಿಯ ಮೇಲೆ ಭರೂಚ್ ಬಂದರಕ್ಕೆ ಹೋಗುತ್ತಿದ್ದವೆಂದು ಬರೆದಿದೆ. ಕೊಲ್ಲಾಪುರದ ಶಿಲಾಹಾರ ಅರಸರು ಎಷ್ಟೋ ಕಾಲದ ನಂತರವೂ ತಮ್ಮನ್ನು ‘ತಗರಪುರವರಾಧೀಶ್ವರ’ರೆಂದು ಕರೆದುಕೊಂಡರು. ಮೂಲ ಊರು ಬಿಟ್ಟು ದೂರ ಹೋದರೂ ಊರ ಹೆಸರು ಬಿಡಲಿಲ್ಲ. ಇಷ್ಟನ್ನು ನಾವು ಹೇಳುವಾಗ ದೊಡ್ಡವನು ಕೇಳಿದ. ಸಣ್ಣವನು ಗುಡ್ಡಗಳ ಮೇಲಿನ ಗಾಳಿಯಂತ್ರ ಎಣಿಸುತ್ತ ಅರವತ್ತರ ಹತ್ತಿರ ನಿದ್ದೆ ಹೋದ. ನಿದ್ದೆಯಲ್ಲಿ ಅವನ ತಲೆ ಅಣ್ಣನ ಹೆಗಲ ಮೇಲೆ ಬಿತ್ತು. ಅಣ್ಣ ದೂಡಲಿಲ್ಲ.

ಯೆರಮಾಳಾ ದಾಟಿ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಕುಂಥಲಗಿರಿ. ಭೂಮ್ ತಾಲೂಕು, ಬಾಲಾಘಾಟದ ಸಾಲಿನ ಒಂದು ಗುಡ್ಡ. ಸುತ್ತಲೂ ತೊಗರಿ ಹೂವು ಕಾಯಿಯಲ್ಲಿ ನಿಂತಿತ್ತು. ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು. ದಲಾಲಿಯವರ ಕಣ್ಣು ಎಲ್ಲಿ ಹೋದರೂ ಬೆಳೆಯ ಮೇಲೆಯೇ. ನಮ್ಮ ಮಗ ಗಾಡಿ ನಿಲ್ಲಿಸಿ ತೊಗರಿಯ ಕಾಯಿ ಬಿಡಿಸಿ ನೋಡಿದ. ಅವನ ತಾಯಿ, “ಯಾತ್ರಾಕ್ಕ ಬಂದೀಯೋ ಖರೀದಿಗೆ ಬಂದೀಯೋ?” ಎಂದರು.

ಪುಣೆಯವರು ಧರ್ಮಶಾಲೆಯಲ್ಲಿ ನಮಗಿಂತ ಮೊದಲೇ ಬಂದು ಕೂತಿದ್ದರು. ಹುಡುಗಿ ತನ್ನ ತಾಯಿಯ ಸೆರಗಿನ ಹಿಂದೆ. ನಮ್ಮ ಹುಡುಗರು ಆ ಕಡೆ. ಮದುವೆ ಮುಂಜಿಯಲ್ಲಿ ನಾಲ್ಕೈದು ಸಲ ಭೇಟಿಯಾದವರು, ಅಷ್ಟೆ. ಸಣ್ಣವನು ನಮ್ಮ ಕಿವಿಯಲ್ಲಿ, “ಅಜ್ಜಾ, ಆ ಹುಡುಗಿಗೆ ಕನ್ನಡ ಬರತದೇನು?” ಎಂದು ಕೇಳಿದ. ನಾವು ಹೆಸರು ಹಿಡಿದು ಕರೆಯೆಂದೆವು. ಅವನು ಕರೆಯಲಿಲ್ಲ. ನಾಚಿಕೆ.

ಸಂಜೆ ಊಟ ಹೊತ್ತಿರುವಾಗಲೇ ಮುಗಿಯಿತು. ಊಟದ ನಂತರ ಪೇಡಾದ ಪೊಟ್ಟಣ ಬಿಚ್ಚಿದರು. ಈ ಸೀಮೆ ಖೋವಾ ಮತ್ತು ಪೇಡಾಗಳಿಗೆ ಹೆಸರಾದದ್ದು. ಹನ್ನೊಂದು ಪೇಡಾ, ತಿನ್ನುವ ಹುಡುಗರು ಮೂವರು. ನಮ್ಮ ಮನೆಯಲ್ಲಿ ಸೊಸೆ ಒಂದು ಕಾಯಿದೆ ಮಾಡಿದ್ದಾಳೆ: ಪಾಲು ಮಾಡಿದವನು ಕಡೆಗೆ ತೆಗೆದುಕೊಳ್ಳಬೇಕು. ದೊಡ್ಡವನು ಮೂರು ಮೂರು ಇಟ್ಟು, ಉಳಿದ ಎರಡನ್ನು ಚಾಕುವಿನಿಂದ ಮುತ್ತು ಕೊಯ್ದಂತೆ ಕೊಯ್ದು ಮೂರು ಪಾಲು ಸರಿ ಮಾಡಿದ. ಸಣ್ಣವನು ಮಣಿದು ನೋಡಿ ದೊಡ್ಡದೆನಿಸಿದ ಪಾಲಿಗೆ ಕೈ ಹಾಕುವಷ್ಟರಲ್ಲಿ ಹುಡುಗಿ ಅದನ್ನೇ ಎತ್ತಿಬಿಟ್ಟಳು. ಹುಡುಗರಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಒಂಟಿ ಮಗುವಾದರೂ ಪಾಲು ಎತ್ತುವುದು ಅವಳಿಗೆ ಗೊತ್ತಿತ್ತು.

ರಾತ್ರಿ ಎಂಟರ ಸುಮಾರಿಗೆ ಸಣ್ಣವನಿಗೆ ಹಸಿವೆ. ಮನೆಯಲ್ಲಿದ್ದರೆ ತಡೆಯುತ್ತಾನೆ, ಹೊಸ ಜಾಗದಲ್ಲಿ ಗಾಳಿಗೆ ಹಸಿವೆ ಹೆಚ್ಚು. ಬಿಸ್ಕೀಟು ಕೇಳಿದ. ಅವನ ತಾಯಿ ಇಲ್ಲವೆಂದಳು. ಅಳುವ ಲಕ್ಷಣ ಕಂಡಿತು. ಆಗ ದೊಡ್ಡವನು ಅವನನ್ನು ತನ್ನ ಚಾದರದೊಳಗೆ ಎಳೆದುಕೊಂಡು, ಭಾರತ ತಂಡ ವಿಶ್ವಕಪ್ ಗೆದ್ದ ಪಂದ್ಯದ ಕಥೆಯನ್ನು ಮೊದಲ ಚೆಂಡಿನಿಂದ ಹೇಳತೊಡಗಿದ. ಎಷ್ಟನೆಯ ಓವರಿಗೆ ತಮ್ಮ ನಿದ್ದೆ ಹೋದನೋ ಗೊತ್ತಿಲ್ಲ. ಹೇಳುವವನ ದನಿ ಮಾತ್ರ ಬಹಳ ಹೊತ್ತು ಕೇಳುತ್ತಿತ್ತು. ಬಾಗಿಲಲ್ಲಿ ಕೂತಿದ್ದ ಅವನ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾವು ನೋಡಿದೆವು, ನೋಡದವರಂತೆ ಜಪಮಾಲೆ ತೆಗೆದುಕೊಂಡೆವು.

ಮರುದಿನ ನಸುಕಿನಲ್ಲಿ ಸ್ನಾನ ಮಾಡಿ, ಶುದ್ಧ ವಸ್ತ್ರದಲ್ಲಿ ಗುಡ್ಡ ಹತ್ತಿದೆವು. ಹುಡುಗರು ಮೆಟ್ಟಿಲು ಎಣಿಸುತ್ತ ಮುಂದೆ ಓಡಿದರು. ಮೇಲೆ ಹೋಗಿ ನೋಡಿದರೆ ಇಬ್ಬರ ಲೆಕ್ಕಕ್ಕೂ ಹನ್ನೊಂದು ಮೆಟ್ಟಿಲು ಫರಕು. ತಾಳೆ ಹತ್ತಲಿಲ್ಲ. ಇಳಿಯುವಾಗ ಮತ್ತೆ ಎಣಿಸಬೇಕೆಂದು ಠರಾವಾಯಿತು. ನಮ್ಮ ಮನೆಯವರು ಮೊಣಕಾಲು ಹಿಡಿದುಕೊಂಡು ಪುಣೆಯ ಮೊಮ್ಮಗಳ ಕೈ ಊರಿಕೊಂಡು ನಿಧಾನ ಬಂದರು. ಆಕೆಗೆ ಪ್ರತಿ ಮೆಟ್ಟಿಲಿಗೊಂದು ಕನ್ನಡ ಶಬ್ದ ಹೇಳಿಕೊಟ್ಟರಂತೆ. ಕಲ್ಲು, ಹುಲ್ಲು, ಗಾಳಿ, ಬಿಸಿಲು.

ಮೇಲಿನ ಮೂಲ ಮಂದಿರದಲ್ಲಿ ಕುಲಭೂಷಣ, ದೇಶಭೂಷಣ ಮುನಿಗಳ ಚರಣಗಳಿವೆ. ಪ್ರಾಕೃತದ ನಿರ್ವಾಣಕಾಂಡದಲ್ಲಿ ಈ ಇಬ್ಬರ ಹೆಸರೂ ಈ ಗಿರಿಯ ಹೆಸರೂ ಕೂಡಿಯೇ ಬರುತ್ತವೆ. ಅಭಿಷೇಕ, ಪೂಜೆ ಮುಗಿಸಿ ಮಂಟಪದ ಕಟ್ಟೆಯ ಮೇಲೆ ಕೂತು ಮಕ್ಕಳಿಗೆ ಕಥೆ ಹೇಳಿದೆವು. ರವಿಷೇಣಾಚಾರ್ಯರ ಪದ್ಮಪುರಾಣದ ಕಥೆ. ಬಲ್ಲವರಿಗೆ ಹೊಸದಲ್ಲ. ಮಕ್ಕಳಿಗಾಗಿ ಮತ್ತೆ ಬರೆಯುತ್ತೇವೆ.

ಸಿದ್ಧಾರ್ಥನಗರದ ರಾಜ ಕ್ಷೇಮಂಕರ, ರಾಣಿ ವಿಮಲೆ. ಅವರಿಗೆ ಇಬ್ಬರು ಗಂಡು ಮಕ್ಕಳು. ಸಣ್ಣವರಿರುವಾಗಲೇ ಸಾಗರಘೋಷರೆಂಬ ಗುರುಗಳ ಹತ್ತಿರ ವಿದ್ಯೆಗೆ ಕಳಿಸಿದರು. ಅಣ್ಣ ತಮ್ಮಂದಿರು ಎಷ್ಟು ಮನಸ್ಸಿಟ್ಟು ಕಲಿತರೆಂದರೆ ಹೊರಗಿನ ಜಗತ್ತೇ ಅವರಿಗೆ ಗೊತ್ತಿರಲಿಲ್ಲ. ಸಕಲ ವಿದ್ಯೆ ಮುಗಿಸಿ ಊರಿಗೆ ಬಂದ ದಿನ ಅರಮನೆಯ ಕಿಡಕಿಯಲ್ಲಿ ಒಬ್ಬ ಕನ್ಯೆ ನಿಂತಿದ್ದಳು. ಇಬ್ಬರ ಮನಸ್ಸೂ ಅವಳ ಮೇಲೆ ಹೋಯಿತು. ನನಗೇ ಬೇಕು, ನನಗೇ ಬೇಕು. ಇಷ್ಟು ವರ್ಷ ಒಂದೇ ಜೀವವಾಗಿದ್ದವರು ಒಬ್ಬರನ್ನೊಬ್ಬರು ಕೊಲ್ಲುವ ವಿಚಾರಕ್ಕೆ ಬಂದರು. ಅಷ್ಟರಲ್ಲಿ ವಂದಿಮಾಗಧರು ರಾಜನ ಜಯಕಾರ ಹಾಕುತ್ತ, ಇಂಥ ಇಬ್ಬರು ಪುತ್ರರನ್ನೂ ಕಿಡಕಿಯಲ್ಲಿ ನಿಂತ ಕಮಲೋತ್ಸವೆಯೆಂಬ ಪುತ್ರಿಯನ್ನೂ ಪಡೆದವನು ಧನ್ಯನೆಂದರು. ಆಗ ತಿಳಿಯಿತು, ಅವಳು ತಮ್ಮ ಒಡಹುಟ್ಟಿದ ತಂಗಿ. ಇಬ್ಬರಿಗೂ ಸಂಸಾರವೇ ಬೇಡೆನಿಸಿತು. ಅರಮನೆಯಲ್ಲಿ ನಿಲ್ಲದೆ ದೀಕ್ಷೆ ತೆಗೆದುಕೊಂಡು ತಪಸ್ಸಿಗೆ ಹೋದರು. ಮುಂದೆ ವನವಾಸದಲ್ಲಿದ್ದ ರಾಮ ಲಕ್ಷ್ಮಣ ಸೀತೆಯರು ಈ ಗಿರಿಗೆ ಬಂದಾಗ, ಧ್ಯಾನದಲ್ಲಿದ್ದ ಮುನಿಗಳ ಮೇಲೆ ದೇವನೊಬ್ಬನು ಮಾಡುತ್ತಿದ್ದ ಉಪಸರ್ಗವನ್ನು ಆ ಅಣ್ಣ ತಮ್ಮಂದಿರೇ ನಿವಾರಿಸಿದರು. ಅದೇ ಹೊತ್ತಿಗೆ ಮುನಿಗಳಿಬ್ಬರಿಗೂ ಕೇವಲಜ್ಞಾನವಾಯಿತು.

ಉಪಸರ್ಗದ ಭಾಗವೇ ಹುಡುಗರಿಗೆ ಹೆಚ್ಚು ಸೇರುತ್ತದೆಂದು ತಿಳಿದಿದ್ದೆವು. ಆದರೆ ಸಣ್ಣವನು ಹಿಂದಿನ ಮಾತಿಗೇ ಸಿಕ್ಕಿಕೊಂಡಿದ್ದ.

“ತಂಗಿ ಹುಟ್ಟ್ಯಾಳಂತ ಅವರಿಗೆ ಯಾರೂ ಹೇಳಲೇ ಇಲ್ಲೇನು ಅಜ್ಜಾ?”

“ಇಲ್ಲಪ್ಪ.”

“ಸೂಟಿಗೂ ಮನೀಗೆ ಬರಲಿಲ್ಲೇನು?”

“ಬರಲಿಲ್ಲ.”

“ಹಂಗಾದರ ಅವರದೇನು ತಪ್ಪು? ಮನ್ಯಾವರು ಹೇಳಬೇಕಾಗಿತ್ತು.”

ನಾವು ಸುಮ್ಮನಾದೆವು. ಎಷ್ಟೋ ವರ್ಷಗಳಿಂದ ಈ ಕಥೆಯನ್ನು ಹೇಳುತ್ತ, ಕೇಳುತ್ತ ಬಂದವರು. ವೈರಾಗ್ಯದ ಕಥೆ, ಮೋಹದ ಕಥೆ ಎಂದು ಪಂಡಿತರು ವ್ಯಾಖ್ಯಾನ ಮಾಡಿದ್ದನ್ನು ಕೇಳಿದ್ದೇವೆ, ಅದು ಸತ್ಯವೂ ಹೌದು. ಆದರೆ ಮಕ್ಕಳನ್ನು ವಿದ್ಯೆಗೆಂದು ದೂರ ಕಳಿಸುವ ಮನೆಗಳಿಗೂ ಇದರಲ್ಲಿ ಒಂದು ಮಾತಿದೆ. ಆ ಹುಡುಗರು ಕಲಿಯದ ವಿದ್ಯೆಯಿರಲಿಲ್ಲ. ಮನೆಯವರ ಗುರುತೊಂದೇ ಅವರಿಗಿರಲಿಲ್ಲ. ಗುರುತು ಗುರುಗಳು ಕಲಿಸುವ ವಿಷಯವಲ್ಲ.

ಸ್ವಲ್ಪ ಹೊತ್ತು ಬಿಟ್ಟು ಸಣ್ಣವನು ಪುಣೆಯ ಹುಡುಗಿಯ ಕಡೆಗೆ ಬೆರಳು ಮಾಡಿ, “ಅಜ್ಜಾ, ಇಕೀನೂ ನಮಗ ತಂಗೀನ ಏನು?” ಎಂದು ಕೇಳಿದ. ಅವಳೇ, “ಹೌದು!” ಎಂದು ಜೋರಾಗಿ ಹೇಳಿದಳು. ಕನ್ನಡದಲ್ಲಿಯೇ ಹೇಳಿದಳು. ಇಳಿಯುವಾಗ ಮೂವರೂ ಕೂಡಿ ಮೆಟ್ಟಿಲು ಎಣಿಸಿದರು. ಈ ಸಲ ಮೂರು ಲೆಕ್ಕ ಬಂತು!

ಇಳಿಯುವ ಮೊದಲು ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಸಮಾಧಿಸ್ಥಾನದ ದರ್ಶನ ಮಾಡಿದೆವು. ಕನ್ನಡ ನಾಡಿನ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದವರು, 1872ರಲ್ಲಿ ಹುಟ್ಟಿದವರು. ದೂಧಗಂಗೆ, ವೇದಗಂಗೆಯರು ಕೂಡುವ ಊರು ಅದು. 1955ರಲ್ಲಿ ಇಲ್ಲಿ ಸಲ್ಲೇಖನ ಹಿಡಿದು, ಸೆಪ್ಟೆಂಬರ್ 8ರಂದು ಕೊನೆಯ ಉಪದೇಶ ಕೊಟ್ಟರು. ಅದರ ಧ್ವನಿಮುದ್ರಣ ಇಂದಿಗೂ ಕೇಳಸಿಗುತ್ತದೆ. ಸೆಪ್ಟೆಂಬರ್ 18ರಂದು ಸಮಾಧಿ ಹೊಂದಿದರು. ಆಗ ನಮ್ಮ ತಂದೆ ಮತ್ತು ಕಾಕಾ, ಇಬ್ಬರೂ ಹರೆಯದವರು, ಅಕ್ಕಲಕೋಟ ರೋಡ್ ಸ್ಟೇಶನ್ನಿನಿಂದ ಕುರ್ಡುವಾಡಿಗೆ, ಅಲ್ಲಿಂದ ಬಾರ್ಶಿ ಲೈಟಿನ ಸಣ್ಣ ರೈಲಿನಲ್ಲಿ ಬಾರ್ಶಿಗೆ ಬಂದು, ಮುಂದೆ ಸಿಕ್ಕ ಗಾಡಿಯಲ್ಲಿ ಸ್ವಲ್ಪ, ನಡೆದು ಸ್ವಲ್ಪ, ಇಲ್ಲಿಗೆ ಮುಟ್ಟಿದ್ದರು. ಇಬ್ಬರಿಗೂ ಕೂಡಿ ಒಂದೇ ಕಂಬಳಿಯಿತ್ತೆಂದು ಕಾಕಾ ಹೇಳುತ್ತಿದ್ದರು. ಆ ಸಣ್ಣ ರೈಲು ಈಗಿಲ್ಲ, ಹಳಿ ಅಗಲವಾಗಿ ದೊಡ್ಡ ಗಾಡಿಗಳು ಓಡುತ್ತವೆ. ಆ ಅಣ್ಣ ತಮ್ಮಂದಿರೂ ಇಲ್ಲ. ಅವರು ಹಾಕಿದ ದುಕಾನು ಇದೆ.

ಮಹಾರಾಜರ ಮನೆಯಲ್ಲಿಯೂ ಅಣ್ಣ ತಮ್ಮಂದಿರ ಕಥೆ ಉಂಟು. ದೀಕ್ಷೆಗೆ ಮೊದಲು ಅವರ ಹೆಸರು ಸಾತಗೌಡ. ಭೋಜದಲ್ಲಿ ಅವರದೊಂದು ಬಟ್ಟೆಯ ದುಕಾನಿತ್ತು, ಅದನ್ನು ತಮ್ಮ ಕುಮಗೌಡರು ನೋಡಿಕೊಳ್ಳುತ್ತಿದ್ದರು. ತಮ್ಮ ಇಲ್ಲದ ದಿನ ಸಾತಗೌಡರು ಕೂಡುತ್ತಿದ್ದರು. ಗಿರಾಕಿ ಬಂದರೆ, ಬೇಕಾದ ಬಟ್ಟೆ ನೀನೇ ಆರಿಸಿಕೋ, ನೀನೇ ಅಳತೆ ಮಾಡಿ ಹರಿದುಕೋ, ವಹಿಯಲ್ಲಿ ನೀನೇ ಬರೆದಿಡು ಎನ್ನುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಅಣ್ಣ ದೇವಗೌಡರು ಮುಂದೆ ತಮ್ಮನ ದಾರಿಯಲ್ಲಿಯೇ ನಡೆದು ವರ್ಧಮಾನಸಾಗರ ಮುನಿಗಳಾದರು.

ದೊಡ್ಡವನು ಇದನ್ನು ಕೇಳಿ, “ಹಂಗ ಬಿಟ್ಟರ ದುಕಾನು ನಡೀತದೇನು ಅಜ್ಜಾ? ನಮ್ಮ ದುಕಾನದಾಗ ನಾಕು ಕ್ಯಾಮೆರಾ ಅದಾವು” ಎಂದ. ಅವನ ತಂದೆ ನಕ್ಕು, “ಗಿರಾಕಿ ಮ್ಯಾಲ ಅಷ್ಟು ವಿಶ್ವಾಸ ನಮ್ಮಿಂದ ಆಗೂದಿಲ್ಲಪ್ಪ. ತಮ್ಮನ ಮ್ಯಾಲ ಇಟ್ಟರ ಸಾಕು” ಎಂದ. ಪುಣೆಯ ತಮ್ಮ ಅಲ್ಲಿಯೇ ನಿಂತಿದ್ದ. ಅಣ್ಣ ತಮ್ಮಂದಿರ ನಡುವೆ ದುಕಾನಿನ ಜಾಗದ ವಿಷಯವಾಗಿ ಎರಡು ವರ್ಷದಿಂದ ಒಂದು ಮಾತು ಬಾಕಿಯಿತ್ತು. ಇಬ್ಬರೂ ಗುಡ್ಡದ ಬೆನ್ನಿಗೆ ಅರ್ಧ ತಾಸು ತಿರುಗಾಡಿ ಬಂದರು. ಏನು ಮಾತಾಡಿದರೆಂದು ನಾವು ಕೇಳಲಿಲ್ಲ. ಮಧ್ಯಾಹ್ನದ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಒತ್ತಿ ಕೂತರು.

ಊಟವಾದ ಮೇಲೆ ಹಿರಿಯ ಸೊಸೆ ನಮ್ಮ ಹತ್ತಿರ ಬಂದಳು. “ಮಾವಾರ, ಹುಡುಗನ್ನ ಕಳಸೂಣ. ಅವನ ಆಶಾ ಅದ, ತಡಿಯೂದು ಬ್ಯಾಡ. ಆದರ ನನ್ನವು ಮೂರು ಮಾತು ಅದಾವು.” ಮೂರೂ ಮಾತು ಕೇಳಿದೆವು. ಒಂದು, ಯಾವ ಕ್ಲಾಸಿನ ನೆಪವೂ ಇಲ್ಲದೆ ಪ್ರತಿ ಸೂಟಿಗೆ ಮನೆಗೆ ಬರಬೇಕು. ಎರಡು, ಪ್ರತಿ ದೀಪಾವಳಿಗೆ ಪುಣೆಯವರೂ ನಾವೂ ಎಲ್ಲಿಯಾದರೂ ಒಂದು ಕಡೆ ಕೂಡಬೇಕು. ಮೂರು, ಆ ವಸತಿ ಶಾಲೆಯಲ್ಲಿ ಮೊಬೈಲು ಇಲ್ಲ, ರವಿವಾರ ಹತ್ತು ನಿಮಿಷ ಫೋನು. ಅಷ್ಟು ಸಾಲದು. ವಾರಕ್ಕೊಂದು ಕಾರ್ಡು ತಮ್ಮನಿಗೆ ಬರೆಯಬೇಕು, ತಮ್ಮ ಅವನಿಗೆ ಬರೆಯಬೇಕು. ಕನ್ನಡದಲ್ಲಿ.

ನಾವು ಐವತ್ತು ವರ್ಷ ವ್ಯಾಪಾರದಲ್ಲಿ ಎಷ್ಟೋ ಕರಾರು ನೋಡಿದ್ದೇವೆ. ಇಷ್ಟು ಚೊಕ್ಕವಾದ ಕರಾರು ನೋಡಿದ್ದು ಕಡಿಮೆ. ಊರ ಮೇಲೆ ಉದ್ದರಿ ಕೊಟ್ಟ ವ್ಯಾಪಾರಿ ತಿಂಗಳಿಗೊಮ್ಮೆಯಾದರೂ ಹೋಗಿ ಮುಖ ತೋರಿಸಿ ಬರುತ್ತಾನೆ. ಖಾತೆ ಸುಮ್ಮನೆ ಬಿಟ್ಟರೆ ಬಾಕಿಯೂ ಹೋಗುತ್ತದೆ, ಗಿರಾಕಿಯೂ ಹೋಗುತ್ತಾನೆ. ಮಕ್ಕಳ ವಿಷಯದಲ್ಲಿ ಮಾತ್ರ, ಫೀ ತುಂಬಿದೆವು, ಇನ್ನೇನು ಎಂದು ಕೂಡುವ ಮನೆಗಳು ನಮ್ಮ ಸಮಾಜದಲ್ಲಿ ಬಹಳ ಆಗಿವೆ. ಲಾತೂರು, ಪುಣೆ, ಕೋಟಾ ಎಂದು ಹುಡುಗರು ಹೋಗುತ್ತಾರೆ. ಹೋಗಲಿ. ವಿದ್ಯೆ ಬೇಕು. ಐದು ವರ್ಷದ ನಂತರ ಮನೆಗೆ ಬಂದಾಗ ಅತ್ತೆ ಯಾರು, ಕಾಕಾನ ಮಗಳು ಯಾರು, ತಮ್ಮನಿಗೆ ಏನು ಸೇರುತ್ತದೆ ಎಂಬುದು ಅವರಿಗೆ ಗೊತ್ತಿರುವಂತೆ ಮಾಡುವುದು ಮನೆಯವರ ಕೆಲಸ.

ಹೋಗುವ ಬಂಧುಗಳ ಅನುಕೂಲಕ್ಕಾಗಿ ಎರಡು ಮಾತು. ಸೋಲಾಪುರದಿಂದ ಹೋಗುವವರು ತುಳಜಾಪುರ, ಧಾರಾಶಿವ, ಯೆರಮಾಳಾ ಮಾರ್ಗವಾಗಿ ಹೋಗಬಹುದು. ಸೋಲಾಪುರಕ್ಕೂ ತುಳಜಾಪುರಕ್ಕೂ ಅಂತರ 45 ಕಿಲೋಮೀಟರು. ಮಳೆಗಾಲ ಮುಗಿದ ಮೇಲಿನ ನಾಲ್ಕು ತಿಂಗಳು ಒಳ್ಳೆಯವು, ಬೇಸಿಗೆಯಲ್ಲಿ ಕಲ್ಲು ಬಹಳ ಕಾಯುತ್ತದೆ. ಹೊತ್ತು ಮುಳುಗುವ ಮೊದಲೇ ಮುಟ್ಟುವಂತೆ ಹೊರಡಿರಿ. ಒಂದು ರಾತ್ರಿ ಉಳಿದು ಮುಂಜಾನೆಯ ಅಭಿಷೇಕ ನೋಡಿಯೇ ಬರಬೇಕು. ಸಣ್ಣ ಹುಡುಗರಿದ್ದರೆ ಕಿಡಕಿಯ ಪಾಳಿಯನ್ನು ಮನೆಯಲ್ಲಿಯೇ ಬರೆದಿಟ್ಟುಕೊಂಡು ಹೊರಡುವುದು ಕ್ಷೇಮ.

ಈಗ ನಮ್ಮ ಮನೆಯಲ್ಲಿ ದಿನವೂ ಸಂಜೆ ಊಟದ ನಂತರ ದುಕಾನಿನ ಹಳೆಯ ಕಿರ್ದಿ ಪುಸ್ತಕದ ಖಾಲಿ ಹಾಳೆಗಳ ಮೇಲೆ ಕನ್ನಡದ ಪಾಠ ನಡೆದಿದೆ. ಗುರುಗಳು ನಾವು. ದೊಡ್ಡವನು ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದಾನೆ. ಸಣ್ಣವನ ಅಕ್ಷರ ಇನ್ನೂ ಸೊಟ್ಟ, ಆದರೆ ಅವಸರ ಬಹಳ. ಅಣ್ಣ ಹೋಗುವುದಕ್ಕೆ ಇನ್ನೂ ತಿಂಗಳುಗಳಿದ್ದರೂ ಮೊದಲನೆಯ ಕಾರ್ಡನ್ನು ಮೊನ್ನೆಯೇ ಬರೆದು ನಮ್ಮ ತಿಜೋರಿಯಲ್ಲಿ ಇಟ್ಟಿದ್ದಾನೆ, ಜೂನ್ ತಿಂಗಳಲ್ಲಿ ಟಪಾಲಿಗೆ ಹಾಕಬೇಕಂತೆ. ಯಾರಿಗೂ ತೋರಿಸಬಾರದೆಂದು ಆಣೆ ಮಾಡಿಸಿದ್ದಾನೆ. ಆದ್ದರಿಂದ ಅದರಲ್ಲಿ ಏನಿದೆಯೆಂದು ಇಲ್ಲಿ ಬರೆಯುವಂತಿಲ್ಲ. ಬ್ಯಾಟಿನ ವಿಷಯ ಇದೆ ಎಂದಷ್ಟೇ ಹೇಳಬಲ್ಲೆವು.

ಜೈ ಜಿನೇಂದ್ರ.